ಹಿಟ್ಟಿನ ಕೆಮ್ಮು

ಆ ಮನೆಯಲ್ಲಿ ಹುಟ್ಟಿದವರೆಲ್ಲ ಕೆಮ್ಮುತ್ತಿದ್ದರು. ಕೆಮ್ಮುವುದು ದೊಡ್ಡಸ್ತಿಕೆ ಎಂದೂ ತಿಳಿದಿದ್ದರು. ಮೂರು ತಲೆಮಾರಿನ ಬೇಕರಿ ಅದು. ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಭಟ್ಟಿ, ಮೇಲೆ ಎರಡು ಕೋಣೆ, ಭಟ್ಟಿಯ ನೆತ್ತಿಯ ಮೇಲೆ ಹಿಟ್ಟಿನ ಮೂಟೆಗಳನ್ನು ಬೆಚ್ಚಗಿಡುವ ಅಟ್ಟ. ಹಗಲಿಡೀ ಹಿಟ್ಟು ತೇಲಿ ಬಂದು ಕಣ್ರೆಪ್ಪೆಯ ಮೇಲೆ, ನೀರಿನ ಕೊಡದ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಎದೆಯೊಳಗೂ ಕೂತು ಕೆಮ್ಮಾಗಿ ಹೊರಬರುತ್ತಿತ್ತು. ಬೇರೆಯವರಾಗಿದ್ದರೆ ಔಷಧಿ ಕುಡಿಯುತ್ತಿದ್ದರು. ಇವರು ಅದಕ್ಕೆ ‘ನಮ್ಮ ಮನೆ ಕೆಮ್ಮು’ ಎಂದು ಹೆಸರಿಟ್ಟು ಬೀಗುತ್ತಿದ್ದರು.

ಎಲ್ಲರಿಗಿಂತ ಗಟ್ಟಿಯಾಗಿ ಕೆಮ್ಮುತ್ತಿದ್ದವಳು ಅತ್ತೆ. ಬೀದಿಯವರಿಗೆ ಅವಳು ಭಟ್ಟಿಯಮ್ಮ. ಅಪ್ಪನ ಬೇಕರಿಯಲ್ಲೇ ಹುಟ್ಟಿ, ಗಂಡನನ್ನು ಮನೆ ಅಳಿಯನಾಗಿ ತಂದುಕೊಂಡು, ಅವನು ತೀರಿಕೊಂಡ ಮೇಲೂ ಭಟ್ಟಿಯ ಪಕ್ಕದ ಸ್ಟೂಲು ಬಿಟ್ಟು ಇಳಿಯದವಳು. ಕೆಮ್ಮಿನಲ್ಲಿ ಎರಡನೆಯ ಸ್ಥಾನ ಹಿರಿಮಗನದು. ಐವತ್ತರ ಹತ್ತಿರ ಬಂದರೂ ಮದುವೆಯಾಗದೆ ಭಟ್ಟಿಯ ಬಾಯಲ್ಲೇ ಮುಖ ಬೇಯಿಸಿಕೊಂಡವನು. ಕಿರಿಮಗ ಅಂಗಡಿಯ ಗಲ್ಲಾದ ಮುಂದೆ ಕೂರುವವನಾದ್ದರಿಂದ ಅವನ ಕೆಮ್ಮು ತೆಳು. ಮನೆಯಲ್ಲಿ ಅವನ ಮರ್ಯಾದೆಯೂ ಅಷ್ಟೇ ತೆಳು. ಅವನ ಹೆಂಡತಿಗೆ, ಅಂದರೆ ಆ ಮನೆಯ ಒಬ್ಬಳೇ ಸೊಸೆಗೆ, ಕೆಮ್ಮೇ ಇರಲಿಲ್ಲ. ಅವಳು ಬಸ್ ಕಂಡಕ್ಟರನ ಮಗಳು. ಹಿಟ್ಟು ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಅತ್ತೆಯ ಹೊಟ್ಟೆ ಉರಿಯಲು ಅಷ್ಟು ಸಾಕಾಗಿತ್ತು.

“ಹಿಟ್ಟು ಬೇಕು, ಹಿಟ್ಟಿನ ಧೂಳು ಬೇಡ. ಬಸ್ಸಿನ ಹೊಗೆ ಕುಡಿದು ಬೆಳೆದ ಮೂಗಿನ ಸೊಕ್ಕು ನೋಡು.”

“ಬಸ್ಸಿನ ಹೊಗೆ ಇಳಿದ ಮೇಲೆ ಬಿಟ್ಟು ಹೋಗುತ್ತೆ ಅತ್ತೆ. ಇದು ಜೊತೆಗೇ ಮಲಗುತ್ತೆ.”

ಸೊಸೆಯ ಮಗಳಿಗೆ ಇನ್ನೂ ಆರು ತುಂಬಿರಲಿಲ್ಲ. ನಿಂತಲ್ಲಿ ನಿಲ್ಲದೆ ಸಿಡಿಯುತ್ತಿದ್ದುದರಿಂದ ಎಲ್ಲರೂ ಸಾಸಿವೆ ಎಂದು ಕರೆಯುತ್ತಿದ್ದರು. ಮುಖ ಕಂಡಕ್ಟರನದು, ನಾಲಿಗೆಯೂ ಕಂಡಕ್ಟರನದು. ಇದು ನಮ್ಮ ವಂಶದ್ದೇ ಹೌದೋ ಅಲ್ಲವೋ ಎಂದು ಅತ್ತೆ ತಮಾಷೆಯ ಸೋಗಿನಲ್ಲಿ ಆಗಾಗ ಕುಟುಕುತ್ತಿದ್ದಳು. ಹಾಗಾಗಿ ಚಳಿಗಾಲ ಶುರುವಾದ ಹೊತ್ತಿಗೆ ಒಂದು ಬೆಳಿಗ್ಗೆ ಸಾಸಿವೆ ತಿಂಡಿಗೆ ಕೂತು ಕೆಮ್ಮಿದಾಗ ಯಾರೂ ಗಾಬರಿಯಾಗಲಿಲ್ಲ. ಮನೆಯಲ್ಲಿ ಸಂಭ್ರಮವೇ ಆಯಿತು.

“ಕೇಳಿಸ್ತೇನೋ? ಬಂತು, ನಮ್ಮ ಮನೆ ಕೆಮ್ಮು ಬಂತು,” ಎಂದಳು ಅತ್ತೆ.

“ಬರದೆ ಎಲ್ಲಿಗೆ ಹೋಗುತ್ತೆ? ರಕ್ತ ಅಲ್ವಾ,” ಎಂದು ಸೊಸೆಯ ಭಾವ, ಅಂದರೆ ಹಿರಿಮಗ, ಗಿರಾಕಿಗೆಂದು ಇಟ್ಟಿದ್ದ ಬನ್ನೊಂದನ್ನು ಮಗುವಿನ ಕೈಗಿಟ್ಟ. ಆ ಮನೆಯಲ್ಲಿ ಗಿರಾಕಿಯ ಬನ್ನು ಮನೆಯವರ ಬಾಯಿಗೆ ಹೋಗುವುದು ಸಣ್ಣ ಮಾತಲ್ಲ. ಮನೆಯವರಿಗೆ ಕರಕಲಾದ ಬ್ರೆಡ್ಡೇ ಗತಿ.

“ಕೆಮ್ಮಿದ್ರೆ ಬನ್ ಕೊಡ್ತೀರಾ ದೊಡ್ಡಪ್ಪ?”

“ಕೊಡ್ತೀನಿ.”

ಸಾಸಿವೆ ಬೇಕೆಂದೇ ಇನ್ನೊಮ್ಮೆ ಕೆಮ್ಮಿದಳು. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಆಮೇಲೆ ಆ ನಗು ನೆನಪಾದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಯುದ್ಧ ನಡೆಯುತ್ತಿತ್ತು. ಅತ್ತೆಯ ಪಾಲಿಗೆ ಅದು ಎರಡನೆಯ ಯುದ್ಧ. ಮೊದಲನೆಯದನ್ನು ಗೆದ್ದವಳು ತಾನೇ ಎಂಬಂತೆ ಅವಳು ಮಾತನಾಡುತ್ತಿದ್ದಳು. ಊಟಕ್ಕೆ ಕೂತರೆ ಉಪ್ಪಿಗಿಂತ ಮೊದಲು ಅವಳ ಕಥೆ ಬಡಿಸಿಕೊಳ್ಳಬೇಕಿತ್ತು.

“ಆಗ ನಂಗೂ ಇವಳಷ್ಟೇ ವಯಸ್ಸು. ಊರ ತುಂಬ ಜಡ್ಡು. ಡಾಕ್ಟರಿಲ್ಲ, ಔಷಧಿಯಿಲ್ಲ. ನಮ್ಮಮ್ಮ ನನ್ನ ಎತ್ಕೊಂಡು ಹೋಗಿ ಅಟ್ಟದ ಮೇಲೆ ಮಲಗಿಸಿದ್ಲು. ಕೆಳಗೆ ಭಟ್ಟಿ ಉರೀತಿತ್ತು. ಬೆವರಿ ಬೆವರಿ ಜಡ್ಡೆಲ್ಲ ಇಳಿದು ಹೋಯ್ತು. ಭಟ್ಟಿ ಉಳಿಸ್ತು ನನ್ನ.”

ಈ ಯುದ್ಧದಲ್ಲೂ ಭಟ್ಟಿ ಅವರನ್ನು ಉಳಿಸುತ್ತಲೇ ಇತ್ತು. ಸೇನೆಗೆ ಬ್ರೆಡ್ ಮಾಡಿಕೊಡುವ ಬೇಕರಿ ಎಂದು ಅಣ್ಣತಮ್ಮಂದಿರಿಬ್ಬರಿಗೂ ಸೈನ್ಯಕ್ಕೆ ಸೇರುವುದರಿಂದ ವಿನಾಯಿತಿ ಸಿಕ್ಕಿತ್ತು. ಅದೇ ಬೀದಿಯಿಂದ ಕ್ಷೌರದಂಗಡಿಯವನ ಮಗ ಹೋದ, ಕೊಡೆ ರಿಪೇರಿಯವನು ಹೋದ, ಶಾಲೆಯ ಮೇಷ್ಟರು ಹೋಗಿ ಒಂದು ಕಾಲು ಕಳೆದುಕೊಂಡು ಬಂದರು. ಇವರಿಬ್ಬರು ಮಾತ್ರ ಮೈತುಂಬ ಹಿಟ್ಟು ಬಳಿದುಕೊಂಡು ಬೆಚ್ಚಗಿದ್ದರು. ಅದಕ್ಕೆ ನಾಚಿಕೆಯಾದರೂ ಇತ್ತೇ ಎಂದರೆ ಎಳ್ಳಷ್ಟೂ ಇಲ್ಲ. “ಬಂದೂಕು ಹಿಡಿಯೋರು ಎಷ್ಟು ಜನ ಬೇಕಾದ್ರೂ ಸಿಗ್ತಾರೆ, ಹದವಾಗಿ ನಾದೋರು ಸಿಗಲ್ಲ,” ಎಂದು ಭಾವ ಬ್ರೆಡ್ಡಿನ ಸಾಲಿನಲ್ಲಿ ನಿಂತ ಹೆಂಗಸರಿಗೆ ಹೇಳುತ್ತಿದ್ದ. ಆ ಹೆಂಗಸರ ಗಂಡಂದಿರು ಎಲ್ಲಿದ್ದಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವರು ತುಟಿ ಕಚ್ಚಿಕೊಂಡು ಬ್ರೆಡ್ ಇಸಿದುಕೊಂಡು ಹೋಗುತ್ತಿದ್ದರು, ಬೇರೆ ಬೇಕರಿ ಇರಲಿಲ್ಲ.

ಸೇನೆಯವರದು ಒಂದೇ ಕರಾರು. ಅಂಟುಜಾಡ್ಯವಿರುವ ಮನೆಯ ಬ್ರೆಡ್ಡನ್ನು ಅವರು ಮುಟ್ಟುವುದಿಲ್ಲ. ಬೇಕರಿಗೆ ಬೀಗ ಬಿತ್ತೆಂದರೆ ವಿನಾಯಿತಿಯೂ ಹೋಯಿತು.

ಎರಡನೆಯ ವಾರಕ್ಕೆ ಸಾಸಿವೆಯ ಕೆಮ್ಮು ಬೇರೆಯಾಯಿತು. ಒಂದರ ಬೆನ್ನಿಗೆ ಒಂದು ಹತ್ತಿಕೊಂಡು ಬಂದು, ನಡುವೆ ಉಸಿರೆಳೆಯಲು ಬಿಡದೆ, ಕಣ್ಣು ಕೆಂಪಗಾಗಿಸಿ, ಕೊನೆಗೆ ಗಂಟಲಿನಿಂದ ಒಂದು ಕೂಗು ಎಳೆದು ಬಿಡುತ್ತಿತ್ತು. ಆಮೇಲೆ ತಿಂದದ್ದೆಲ್ಲ ಹೊರಕ್ಕೆ. ನಡುನಡುವೆ ಮಾತ್ರ ಏನೂ ಆಗಿಲ್ಲವೆಂಬಂತೆ ಆಡುತ್ತಿದ್ದಳು, ಅದೇ ಮನೆಯವರಿಗೆ ನೆಪವಾಯಿತು.

“ಇದು ಹಿಟ್ಟಿನ ಕೆಮ್ಮಲ್ಲ ಅತ್ತೆ,” ಎಂದಳು ಸೊಸೆ ಮಧ್ಯಾಹ್ನ ಊಟದ ಮುಂದೆ. “ನಾಯಿಕೆಮ್ಮು. ನಮ್ಮಪ್ಪನ ಬಸ್ಸಲ್ಲಿ ಇಂಥ ಮಕ್ಕಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರನ್ನ ನೋಡಿದೀನಿ.”

“ನಮ್ಮ ಮನೆಗೆ ನಾಯಿಕೆಮ್ಮು ಹೇಗೆ ಬರುತ್ತೆ?”

“ಎಲ್ಲರ ಮನೆಗೂ ಬರೋ ಹಾಗೇ ಬರುತ್ತೆ. ಮೇಷ್ಟ್ರ ಮಗೂಗೆ ಬಂದಿದೆ, ಅದರ ಜೊತೆ ಆಡಿದಾಳೆ.”

ಭಾವ ಬ್ರೆಡ್ಡಿನ ಮೆತ್ತಗಿನ ನಡುಭಾಗವನ್ನು ಕಿತ್ತು ಬಾಯಿಗೆ ಹಾಕಿಕೊಂಡು ಕರಕಲು ಅಂಚನ್ನು ತಮ್ಮನ ತಟ್ಟೆಗೆ ತಳ್ಳಿದ. “ಆ ಮಾತು ಇನ್ನೊಂದು ಸಲ ಬಾಯಲ್ಲಿ ಬರಬಾರ್ದು. ಹೊರಗೆ ಜನ ನಿಂತಿದಾರೆ.”

“ಡಾಕ್ಟರಿಗೆ ತೋರಿಸ್ಬೇಕು ಭಾವ.”

“ತೋರಿಸು. ಡಾಕ್ಟರು ಆರೋಗ್ಯ ಇಲಾಖೆಗೆ ಹೇಳ್ತಾರೆ. ಅವರು ಬಂದು ಬೀಗ ಜಡೀತಾರೆ. ಆಮೇಲೆ ನನ್ನೂ ನಿನ್ನ ಗಂಡನ್ನೂ ಸೈನ್ಯದ ಲಾರಿ ಹತ್ತಿಸ್ತಾರೆ. ಹತ್ತಲಾ? ಹೇಳು, ಹತ್ತಲಾ?”

ಎಲ್ಲರೂ ಗಂಡನ ಮುಖ ನೋಡಿದರು. ಅವನು ಕರಕಲನ್ನು ಚಾಕುವಿನಿಂದ ಕೆರೆಯುತ್ತ, “ಸ್ವಲ್ಪ ದಿನ ನೋಡೋಣ,” ಎಂದ. ಅದು ಅವನ ಖಾಯಂ ಮಾತು. ಮದುವೆಯಾದಾಗಿನಿಂದ ಅವನು ಸ್ವಲ್ಪ ದಿನ ನೋಡುತ್ತಲೇ ಇದ್ದ. ಬಾಡಿಗೆಗೆ ಬೇರೆ ಕೋಣೆ ಹಿಡಿಯೋಣ ಎಂದು ಅವಳು ಅಂದಾಗಲೂ ಅದೇ ಮಾತು, ಹೆರಿಗೆ ನೋವು ಬಂದಾಗಲೂ ಅದೇ ಮಾತು. ಆದರೂ ಸೊಸೆ ಆ ದಿನ ಸುಮ್ಮನಾದಳು. ಅವನೆಂಥವನೇ ಆಗಲಿ, ಅವಳಿಗೆ ಗಂಡ ಬೇಕಿತ್ತು. ಲಾರಿ ಹತ್ತಿ ಹೋದವರಲ್ಲಿ ಎಷ್ಟು ಜನ ವಾಪಸು ಬಂದಿದ್ದಾರೆಂದು ಅವಳೂ ನೋಡುತ್ತಿದ್ದಳು.

ಅತ್ತೆ ತಾನೇ ನಿಂತು ಅಟ್ಟ ಗುಡಿಸಿಸಿದಳು. ಮೂಟೆಗಳ ನಡುವೆ ಹಾಸಿಗೆ ಬಿತ್ತು. ಕಿಟಕಿಯಿಲ್ಲ, ಮೇಲೆ ಮಾಡು, ಕೆಳಗೆ ಉರಿಯುವ ಭಟ್ಟಿ, ನಾಲ್ಕೂ ಕಡೆ ಹಿಟ್ಟು. ಮಗು ಕೆಮ್ಮಿದರೆ ಮೂಟೆಗಳಿಂದ ಧೂಳೆದ್ದು ಮತ್ತೆ ಅದರ ಮೂಗಿಗೇ ಬರುತ್ತಿತ್ತು. ಸೊಸೆ ಬಟ್ಟೆ ಒದ್ದೆ ಮಾಡಿ ಮೂಟೆಗಳ ಮೇಲೆ ಹೊದಿಸಿದಳು. ಭಾವ ಬಂದು ಒಂದೊಂದಾಗಿ ಕಿತ್ತು ಎಸೆದ.

“ಹಿಟ್ಟು ಮುಗ್ಗಲು ಹಿಡಿಯಲ್ವಾ? ಬುದ್ಧಿ ಇದೆಯಾ?”

“ಮಗು ಉಸಿರು ಕಟ್ಕೊಳ್ತಿದೆ ಭಾವ.”

“ನಮ್ಮಮ್ಮ ಇಲ್ಲೇ ಮಲಗಿ ಎದ್ದು ಬರಲಿಲ್ವಾ? ನೀನೇನು ಅವಳಿಗಿಂತ ಹೆಚ್ಚು ಕಂಡಿದೀಯಾ?”

ಅವಳು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಏಣಿ ಹತ್ತಿ ಇಳಿದಳು. ಹತ್ತುವಾಗ ಗಂಜಿ, ಇಳಿಯುವಾಗ ವಾಂತಿಯ ಬೋಗುಣಿ. ನಡುವೆ ಹಿಟ್ಟು ಜರಡಿ ಹಿಡಿಯಬೇಕು, ಅಚ್ಚುಗಳನ್ನು ಉಜ್ಜಬೇಕು, ಗಂಡಸರ ಅಂಗಿ ಒಗೆಯಬೇಕು. ಸಾಸಿವೆ ಸಿಡಿಯುವುದನ್ನು ಬಿಟ್ಟಳು. ಗಂಜಿ ನೋಡಿದರೆ ಮುಖ ತಿರುಗಿಸುತ್ತಿದ್ದಳು. “ಬೇಡಮ್ಮ, ಹೇಗಿದ್ರೂ ಆಚೆ ಬರುತ್ತೆ,” ಎಂದಳು ಒಂದು ದಿನ, ದೊಡ್ಡವರ ಧಾಟಿಯಲ್ಲಿ.

ನರ್ಸು ಬಂದದ್ದು ಆ ವಾರವೇ. ಆರೋಗ್ಯ ಇಲಾಖೆಯಿಂದ ಬೀದಿಯ ಪ್ರತಿ ಮನೆಗೂ ಹೋಗಿ ಕೆಮ್ಮುವ ಮಕ್ಕಳಿದ್ದಾರೆಯೇ ಎಂದು ಕೇಳುತ್ತಿದ್ದ, ಗಟ್ಟಿ ಬೂಟಿನ ಹೆಂಗಸು. ಭಟ್ಟಿಯ ಮನೆಯೊಳಗೇ ನೇರವಾಗಿ ಬಂದು ನಿಂತಳು.

“ಮಕ್ಕಳು?”

“ಒಂದೇ,” ಎಂದಳು ಅತ್ತೆ. “ಅದರ ಅಜ್ಜನ ಮನೆಗೆ ಹೋಗಿದೆ.”

ಅಷ್ಟರಲ್ಲಿ ಅಟ್ಟದ ಮೇಲೆ ಶುರುವಾಯಿತು. ಮೊದಲ ಕೆಮ್ಮು ಕೇಳಿಸಿದ್ದೇ ತಡ, ಭಾವ ಕೆಮ್ಮಿದ. ಅತ್ತೆ ಎದೆ ಹಿಡಿದುಕೊಂಡು ಅವನಿಗಿಂತ ಜೋರಾಗಿ ಕೆಮ್ಮಿದಳು. ಗಂಡ ಗಲ್ಲಾ ಬಿಟ್ಟು ಓಡಿಬಂದು ಬಾಗಿಲಲ್ಲಿ ನಿಂತು, ಬಾರದ ಕೆಮ್ಮನ್ನು ಎಳೆದು ಎಳೆದು ತಂದು ಕೆಮ್ಮಿದ. ಮೂವರೂ ಕಣ್ಣು ಹೊರಗೆ ಬರುವಂತೆ, ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಹಿಡಿದುಕೊಳ್ಳುವಂತೆ ಕೆಮ್ಮಿದರು. ಅವರ ಜೀವಮಾನದಲ್ಲಿ ಆ ಮೂವರು ಅಷ್ಟು ಒಗ್ಗಟ್ಟಾಗಿ ಒಂದು ಕೆಲಸ ಮಾಡಿದ್ದನ್ನು ಸೊಸೆ ನೋಡಿರಲಿಲ್ಲ. ಮೇಲೆ ಮಗುವಿನ ಉಸಿರು ಕೂಗಾಗಿ ಎಳೆದುಕೊಂಡದ್ದು ಆ ಗದ್ದಲದಲ್ಲಿ ಮುಳುಗಿಹೋಯಿತು.

“ಹಿಟ್ಟಮ್ಮ ಹಿಟ್ಟು,” ಎಂದಳು ಅತ್ತೆ ಕಣ್ಣೊರೆಸಿಕೊಂಡು. “ನಮ್ಮ ಮನೇದು ಹಿಟ್ಟಿನ ಕೆಮ್ಮು. ಮೂರು ತಲೆಮಾರಿಂದ ಇದೆ.”

ನರ್ಸು ಸೊಸೆಯ ಕಡೆ ತಿರುಗಿದಳು. ಸೊಸೆ ಜರಡಿ ಹಿಡಿದು ನಿಂತಿದ್ದಳು. ಅವಳು ಕೆಮ್ಮಲಿಲ್ಲ. ಬಾಯಿಯನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತ ಗಂಡ ಮುಖ ಕೆಂಪಗಾಗಿಸಿಕೊಂಡು ಅವಳನ್ನೇ ನೋಡುತ್ತಿದ್ದ. ನರ್ಸು ಇನ್ನೇನೋ ಕೇಳುವವಳಿದ್ದಳು, ಕೇಳದೆ ಹೊರಟುಹೋದಳು.

ಭಾವ ಬೆನ್ನು ತಟ್ಟಿಕೊಂಡು ನಕ್ಕ. ಆ ದಿನ ಎಲ್ಲರಿಗೂ ಕರಕಲಾಗದ ಬ್ರೆಡ್ ಸಿಕ್ಕಿತು. ಊಟಕ್ಕೆ ಕೂತಾಗ ಅತ್ತೆ ಖುಷಿಯಲ್ಲಿದ್ದಳು, ಅವಳ ಕಥೆಯೂ ಉದ್ದವಾಯಿತು.

“ಭಟ್ಟಿ ನಂಬಿದೋರನ್ನ ಕೈಬಿಡಲ್ಲ. ನನ್ನ ಉಳಿಸ್ತು. ಇವಳನ್ನೂ ಉಳಿಸುತ್ತೆ.”

ಸೊಸೆ ಆಗತಾನೆ ಏಣಿ ಇಳಿದು ಬಂದಿದ್ದಳು. ಬೋಗುಣಿಯನ್ನು ಮೂಲೆಯಲ್ಲಿಟ್ಟಳು. ಅವಳಿಗೆ ಆ ಕಥೆ ಬಾಯಿಪಾಠವಾಗಿತ್ತು. ಆದರೂ ಮೇಲಿನ ಹಾಸಿಗೆ ಹಾಸಿ ಹಾಸಿ ಒಂದು ಅನುಮಾನ ಹುಟ್ಟಿತ್ತು. ಅತ್ತೆ ತನ್ನ ಕಾಲದಂತೆಯೇ ಬಿಡಿಸಿದ್ದ ಜಾಗ ಒಂದು ಮಗುವಿಗೆ ತೀರಾ ದೊಡ್ಡದು.

“ಆಗ ಅಟ್ಟದ ಮೇಲೆ ನೀವೊಬ್ಬರೇ ಮಲಗಿದ್ರಾ ಅತ್ತೆ?”

“ಒಬ್ಳೇ ಹೇಗಾಗುತ್ತೆ? ಮಕ್ಕಳೆಲ್ಲ ಅಲ್ಲೇ ಇದ್ವಿ.”

“ಎಲ್ಲ ಅಂದ್ರೆ?”

“ನಮ್ಮಣ್ಣ, ನಾನು, ನನ್ನ ಬೆನ್ನಿಗೆ ಬಿದ್ದ ತಂಗಿಯರಿಬ್ರು.”

ಭಾವ ಅಗಿಯುವುದನ್ನು ನಿಲ್ಲಿಸಿದ. ತನಗೊಬ್ಬ ಸೋದರಮಾವ ಇದ್ದನೆಂಬುದನ್ನು ಅವನು ಕೇಳಿದ್ದು ಆಗಲೇ. ಇಷ್ಟು ವರ್ಷ ಕಥೆ ಕೇಳಿದರೂ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

“ಅವರು ಮೂರು ಜನ ಏನಾದ್ರು?”

“ಏನಾಗ್ತಾರೆ? ಹೋದ್ರು.”

“ಎಲ್ಲಿಗೆ?”

“ಏನೇ ಇದು, ವಿಚಾರಣೆ ಮಾಡ್ತಿದೀಯ? ಅವರ ಆಯಸ್ಸು ಅಷ್ಟೇ ಇತ್ತು. ತಂಗಿಯರು ಒಂದೇ ವಾರದಲ್ಲಿ ಹೋದ್ರು. ಅಣ್ಣ ಸ್ವಲ್ಪ ದಿನ ಇದ್ದ. ನನ್ನ ಭಟ್ಟಿ ಉಳಿಸ್ತು.”

“ಮೂವರನ್ನ ತಿಂದು ಒಬ್ಬರನ್ನ ಬಿಟ್ಟಿದೆ. ಅದಕ್ಕೆ ಉಳಿಸ್ತು ಅಂತೀರಾ?”

ಅತ್ತೆಯ ಕೈಯಲ್ಲಿದ್ದ ಲೋಟ ತಟ್ಟೆಗೆ ಬಡಿಯಿತು. “ನಾಲಿಗೆ ಬಿಗಿ ಹಿಡಿ. ನಮ್ಮಮ್ಮ ಹುಚ್ಚಿಯಾಗಿರಲಿಲ್ಲ.”

“ಅವರಿಗೆ ಬೇರೆ ದಾರಿ ಇರಲಿಲ್ಲ. ಡಾಕ್ಟರಿರಲಿಲ್ಲ, ಔಷಧಿ ಇರಲಿಲ್ಲ, ನೀವೇ ಹೇಳ್ತೀರಿ. ಈಗ ಎರಡು ಬಸ್ ಸ್ಟಾಪ್ ಆಚೆ ಆಸ್ಪತ್ರೆ ಇದೆ.”

“ಆಸ್ಪತ್ರೆ ಇದೆ, ಲಾರೀನೂ ಇದೆ,” ಎಂದ ಭಾವ. ಹೇಳಿ, ಬಾಯಲ್ಲಿ ಉಳಿದಿದ್ದ ತುತ್ತನ್ನು ನುಂಗಿದ. ಸೋದರಮಾವನ ಸಾವು ಅವನ ಊಟಕ್ಕೆ ಅಡ್ಡಿಯಾದದ್ದು ಅಷ್ಟೇ ಹೊತ್ತು.

ಸೊಸೆ ಗಂಡನತ್ತ ನೋಡಿದಳು. “ನೀವು ಹೇಳಿ. ನಾಳೆ ಬೆಳಿಗ್ಗೆ ಕರ್ಕೊಂಡು ಹೋಗೋಣವಾ?”

ಅವನು ಅಮ್ಮನನ್ನು ನೋಡಿದ, ಅಣ್ಣನನ್ನು ನೋಡಿದ. “ಈ ವಾರ ಸೈನ್ಯದ ಲೋಡ್ ಹೋಗ್ಲಿ. ಆಮೇಲೆ ನೋಡೋಣ,” ಎಂದ.

ಅವಳಿಗೆ ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟಿಗೆ ಎದುರಿಗೆ ಒಬ್ಬ ಮನುಷ್ಯನಾದರೂ ಇರಬೇಕು. ಅಲ್ಲಿ ಒಂದು ಅಂಗಿ ಕೂತಿತ್ತು, ಅದನ್ನು ಅವಳೇ ಒಗೆದಿದ್ದಳು.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಸಾಲು ರಸ್ತೆಯ ತಿರುವಿನವರೆಗೂ ಇತ್ತು. ಅಣ್ಣ ಭಟ್ಟಿಯಿಂದ ಬ್ರೆಡ್ ತೆಗೆಯುತ್ತಿದ್ದ, ತಮ್ಮ ಅಂಗಡಿಗೆ ಸಾಗಿಸುತ್ತಿದ್ದ. ಭಟ್ಟಿಮನೆಯಿಂದ ಅಂಗಡಿಗೆ ಇಳಿಯಲು ಮೂರು ಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಅರ್ಧ ಬಾಗಿಲು. ಹಿಂದಿನ ಬಾಗಿಲಿಗೆ ಅತ್ತೆ ಹಿಂದಿನ ದಿನವೇ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಸೊಸೆ ಅಟ್ಟದಲ್ಲಿದ್ದಳು. ಸಾಸಿವೆಗೆ ಕೆಮ್ಮು ಹತ್ತಿಕೊಂಡಿತು. ಹತ್ತಿದ್ದು ಬಿಡಲಿಲ್ಲ. ಕೂಗೆಳೆಯುವ ಹೊತ್ತಿಗೆ ಕೂಗು ಬರಲಿಲ್ಲ. ಬಾಯಿ ತೆರೆದೇ ಇತ್ತು, ತುಟಿ ನೀಲಿಗಟ್ಟುತ್ತಿತ್ತು. ಅವಳು ಮಗುವನ್ನು ಬೋರಲು ಮಾಡಿ ಬೆನ್ನಿಗೆ ಗುದ್ದಿದಳು. ಉಸಿರು ಬಂತು. ಬಂದದ್ದು ಇನ್ನೆಷ್ಟು ಹೊತ್ತು ಇರುತ್ತದೆಂದು ಅವಳಿಗೆ ಗೊತ್ತಾಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಏಣಿ ಇಳಿದಳು.

“ಬೀಗ ತೆಗೀರಿ ಅತ್ತೆ.”

“ಎಲ್ಲಿಗೆ ಹೊರಟೆ?”

“ಬೀಗ ತೆಗೀರಿ.”

ಅತ್ತೆ ಸ್ಟೂಲಿನಿಂದ ಏಳಲಿಲ್ಲ. ಸೊಸೆ ಅಂಗಡಿಯ ಕಡೆ ತಿರುಗಿದಳು. ಮೆಟ್ಟಿಲ ಮೇಲೆ ಗಂಡ ಖಾಲಿ ತಟ್ಟೆ ಹಿಡಿದು ನಿಂತಿದ್ದ. ಕೆಳಗೆ ಅರ್ಧ ಬಾಗಿಲಿಗೆ ಅಗುಳಿ ಹಾಕಿತ್ತು.

“ರೀ, ಇಳಿದು ಬಾಗಿಲು ತೆಗೀರಿ. ಮಗು ನೋಡಿ.”

ಅವನು ಮಗುವನ್ನು ನೋಡಿದ. ಚೆನ್ನಾಗಿಯೇ ನೋಡಿದ. “ಸಾಲು ಕರಗ್ಲಿ ಕಣೆ,” ಎಂದ, “ಅರ್ಧ ಗಂಟೆ. ಜನ ನೋಡ್ತಾರೆ.”

“ಜಾಗ ಬಿಡಿ.”

ಅವನು ಜಾಗವನ್ನೇನೋ ಬಿಟ್ಟ. ಗೋಡೆಗೆ ಒರಗಿ ಬಿಟ್ಟ. ಆದರೆ ಕೆಳಗಿಳಿದು ಅಗುಳಿ ತೆಗೆಯಲಿಲ್ಲ. ಅವಳು ಒಂದು ಕೈಯಲ್ಲಿ ಮಗುವನ್ನು ಅವುಚಿಕೊಂಡು ಇನ್ನೊಂದು ಕೈಯಲ್ಲಿ ಅಗುಳಿಯೊಡನೆ ಗುದ್ದಾಡಿ ತೆಗೆದಳು. ಕಟ್ಟೆಯ ಮೇಲಿದ್ದ ಬ್ರೆಡ್ಡುಗಳನ್ನು ಮೊಣಕೈಯಿಂದ ತಳ್ಳಿ ಸಾಲಿನ ನಡುವೆ ನುಗ್ಗಿದಳು. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಹೋಗುವುದು ಅವಳಿಗೆ ಅಪ್ಪ ಕಲಿಸಿದ ವಿದ್ಯೆ.

ಸಾಲಿನ ನಡುವೆಯೇ ಸಾಸಿವೆಗೆ ಮತ್ತೆ ಬಂತು. ಈ ಸಲ ಕೂಗೂ ಬಂತು, ರಸ್ತೆಯ ಉದ್ದಕ್ಕೂ ಕೇಳಿಸುವಂತೆ.

“ಅಯ್ಯೋ, ಇದು ನಾಯಿಕೆಮ್ಮು,” ಎಂದಳು ಮೇಷ್ಟರ ಹೆಂಡತಿ. ಆ ಶಬ್ದ ಅವಳಿಗೆ ಗುರುತು ಸಿಗದೆ ಇರುವುದು ಸಾಧ್ಯವೇ ಇರಲಿಲ್ಲ.

“ಇಲ್ಲ ಇಲ್ಲ, ಹಿಟ್ಟಿನ ಕೆಮ್ಮು,” ಎಂದು ಭಾವ ಭಟ್ಟಿಮನೆಯಿಂದ ಓಡಿಬಂದು ತಾನೂ ಒಂದೆರಡು ಸಲ ಕೆಮ್ಮಿ ತೋರಿಸಿದ. ಆ ಹೊತ್ತಿನಲ್ಲೂ.

ಸಾಲು ಒಡೆಯಿತು. ತೆಗೆದುಕೊಂಡಿದ್ದ ಬ್ರೆಡ್ಡನ್ನು ಕೆಲವರು ಕಟ್ಟೆಗೆ ಎಸೆದರು. ಒಬ್ಬಳು ಸೊಸೆಯ ತೋಳು ಹಿಡಿದೆಳೆದು, “ಇಷ್ಟು ದಿನ ಮುಚ್ಚಿಟ್ಕೊಂಡು ನಮ್ಮ ಮಕ್ಕಳಿಗೆ ಇದನ್ನ ತಿನ್ನಿಸಿದ್ಯಲ್ಲ, ನೀನು ತಾಯಿಯೇನೇ?” ಎಂದಳು. ಸೊಸೆ ತೋಳು ಬಿಡಿಸಿಕೊಂಡು ಬಸ್ಸಿನ ಕಡೆ ಓಡಿದಳು.

ಆಸ್ಪತ್ರೆಯಲ್ಲಿ ಮಗುವನ್ನು ಪ್ರತ್ಯೇಕ ವಾರ್ಡಿಗೆ ಹಾಕಿದರು. ಮೂಗಿಗೆ ಆಮ್ಲಜನಕದ ಕೊಳವೆ, ಕೈಗೆ ಸೂಜಿ. ಅಲ್ಲಿದ್ದ ಬೂಟಿನ ನರ್ಸು ಸೊಸೆಯನ್ನು ನೋಡಿದೊಡನೆ ಗುರುತು ಹಿಡಿದಳು.

“ಅವತ್ತು ನೀವೊಬ್ಬರೇ ಕೆಮ್ಮಲಿಲ್ಲ,” ಎಂದಳು. “ನಂಗೆ ಅನುಮಾನ ಬಂದಿತ್ತು. ನೀವು ಒಂದು ಮಾತು ಆಡ್ತೀರೇನೋ ಅಂತ ಕಾದೆ.”

“ಆಡ್ಬೇಕಿತ್ತು,” ಎಂದಳು ಸೊಸೆ.

“ಹೌದು, ಆಡ್ಬೇಕಿತ್ತು,” ಎಂದು ನರ್ಸು ಕೊಳವೆ ಸರಿಮಾಡಿ ಹೋದಳು. ಸಮಾಧಾನ ಹೇಳಲು ಅವಳು ನಿಲ್ಲಲಿಲ್ಲ, ಸೊಸೆಗೂ ಅದು ಬೇಕಿರಲಿಲ್ಲ.

ಎರಡು ವಾರ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕಳೆದಳು. ಊಟ ತಂದುಕೊಡುತ್ತಿದ್ದವನು ಅವಳ ಅಪ್ಪ. ಡ್ಯೂಟಿ ಮುಗಿಸಿ, ಚರ್ಮದ ಚೀಲ ಹೆಗಲಲ್ಲೇ ಇಟ್ಟುಕೊಂಡು ಬಂದು ಕೂರುತ್ತಿದ್ದ. ಗಂಡನ ಮನೆಯಿಂದ ಯಾರೂ ಬರಲಿಲ್ಲ. ಬರಲು ಅವರಿಗೆ ಪುರಸೊತ್ತಿರಲಿಲ್ಲ, ತಮ್ಮ ದುಃಖದಲ್ಲಿ ಮುಳುಗಿದ್ದರು. ಬೇಕರಿಗೆ ಬೀಗ ಬಿದ್ದಿತ್ತು. ಸೇನೆಯ ಕೆಲಸ ಬೇರೆ ಊರಿನ ಬೇಕರಿಗೆ ಹೋಯಿತು. ಭಟ್ಟಿ ಆರಿತು. ಬೀದಿಯವರಿಗೆ ಹಲ್ಲು ಕಡಿಯಲು ಕಾರಣವಿತ್ತು: ಇನ್ನೂ ನಾಲ್ಕೈದು ಮನೆಯಲ್ಲಿ ಮಕ್ಕಳು ಕೆಮ್ಮುತ್ತಿದ್ದವು. ಅದು ಸಾಸಿವೆಯಿಂದ ಹೋದದ್ದೋ, ಮೇಷ್ಟರ ಮಗುವಿನಿಂದ ಹೋದದ್ದೋ ಯಾರೂ ತಿಳಿಯುವ ಗೋಜಿಗೆ ಹೋಗಲಿಲ್ಲ.

ಸಾಸಿವೆ ಬದುಕಿದಳು. ಮೂಳೆ ಎಣಿಸುವಷ್ಟು ತೆಳ್ಳಗಾಗಿ, ಆದರೆ ಬಾಯಿ ಮಾತ್ರ ಹಿಂದಿನಷ್ಟೇ ಜೋರಾಗಿ, ತಾತನ ಹೆಗಲ ಮೇಲೆ ಕೂತು ಮನೆಗೆ ಬಂದಳು.

ಅವರು ಬಂದ ದಿನವೇ ಅಣ್ಣತಮ್ಮಂದಿರಿಗೆ ಸೈನ್ಯದ ವೈದ್ಯಕೀಯ ಪರೀಕ್ಷೆಗೆ ಕರೆಯಿತ್ತು. ಹೋಗುವಾಗ ಭಾವನ ಅಳುಮೊಗ ನೋಡಬೇಕಿತ್ತು. ಬಾಗಿಲಲ್ಲಿ ಅಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ತಮ್ಮ ಅವನ ಹಿಂದೆ ನಡೆದ. ಮಧ್ಯಾಹ್ನ ಇಬ್ಬರೂ ವಾಪಸು ಬಂದರು. ಭಾವ ಬಾಗಿಲಿನಿಂದಲೇ ಕೂಗು ಹಾಕಿದ.

“ಬೇಡ ಅಂದ್ರಮ್ಮ, ಬೇಡ ಅಂದ್ರು ನನ್ನ. ಡಾಕ್ಟರು ಎದೆ ಮೇಲೆ ಕೊಳವೆ ಇಟ್ಟೋರು ತೆಗೆದು, ಇನ್ನೊಬ್ಬರನ್ನ ಕರೆದು ಕೇಳಿಸಿದ್ರು. ಇಂಥ ಎದೆ ಇಟ್ಕೊಂಡು ಹೇಗ್ರೀ ನಡೀತೀರಿ ಅಂದ್ರು. ಯಾವ ಯುದ್ಧಕ್ಕೂ ತಗೊಳ್ಳಲ್ವಂತೆ.”

ಸೊಸೆ ಮಗುವಿಗೆ ಗಂಜಿ ಕುಡಿಸುತ್ತಿದ್ದವಳು ಚಮಚ ಕೆಳಗಿಟ್ಟಳು. “ಯಾವ ಯುದ್ಧಕ್ಕೂ?”

“ಯಾವ ಯುದ್ಧಕ್ಕೂ. ವಿನಾಯಿತಿ ಬೇಕಾಗೇ ಇರಲಿಲ್ಲ ನಂಗೆ.” ಅವನು ಹೇಳುತ್ತ ಹೇಳುತ್ತ ನಗುತ್ತಿದ್ದ. ಹಾಗಾದರೆ ಇಷ್ಟು ದಿನ ತಾನು ಮಗುವನ್ನು ಧೂಳಿನಲ್ಲಿ ಬಚ್ಚಿಟ್ಟದ್ದು ಯಾವುದರಿಂದ ಪಾರಾಗಲು ಎಂಬ ಪ್ರಶ್ನೆ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ತನ್ನ ಎದೆ ಕೆಟ್ಟುಹೋಗಿದೆ ಎಂದು ಡಾಕ್ಟರು ಹೇಳಿದ್ದಾರೆಂಬುದೂ ಅವನಿಗೆ ಹೊಳೆಯಲಿಲ್ಲ. ಕುರ್ಚಿ ಎಳೆದುಕೊಂಡು, ಊಟಕ್ಕೇನಿದೆ ಎಂದು ಕೇಳಿದ.

“ತಮ್ಮನದು?” ಎಂದಳು ಅತ್ತೆ.

“ಅವನದು ಎಲ್ಲ ಸರಿಯಾಗಿದೆಯಂತೆ. ತಗೊಂಡ್ರು.”

ಅತ್ತೆ ಕಿರಿಮಗನನ್ನು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. “ಸಮಾಧಾನವಾಯ್ತಾ? ಒಂದನ್ನ ಉಳಿಸ್ಕೊಂಡು ಒಂದನ್ನ ಕೊಟ್ಟೆ.”

“ಹೌದು ಅತ್ತೆ, ನಾನೇ ಆರಿಸಿದೆ,” ಎಂದಳು ಸೊಸೆ. “ಇನ್ನೊಂದು ಸಲ ಬಂದ್ರೂ ಇದನ್ನೇ ಆರಿಸ್ತೀನಿ. ಭಟ್ಟಿ ಮಾಡ್ತು, ಆಯಸ್ಸು ಮಾಡ್ತು ಅಂತ ಯಾರ ಮೇಲೂ ಹಾಕಲ್ಲ.”

ಅತ್ತೆಗೆ ಕೆಮ್ಮು ಬಂತು. ಈ ಸಲ ನಿಜವಾಗಿಯೇ ಬಂತು, ಬಹಳ ಹೊತ್ತು ಬಿಡಲಿಲ್ಲ. ಸೊಸೆ ನೀರು ತಂದುಕೊಟ್ಟಳು. ಕುಡಿದು ಲೋಟ ವಾಪಸು ಕೊಡುವಾಗ ಅತ್ತೆ ಅವಳ ಮುಖ ನೋಡಲಿಲ್ಲ. “ಚಿಕ್ಕವಳಿಗೆ ಕೂದಲು ಬಹಳ ಇತ್ತು,” ಎಂದಳು, ಯಾರಿಗೋ ಹೇಳಿದಂತೆ. ಯಾವ ಚಿಕ್ಕವಳೆಂದು ಭಾವ ಕೇಳಿದ. ಅವಳು ಅಟ್ಟದ ಏಣಿಯ ಕಡೆ ನೋಡಿದಳು.

ಹೊರಡುವ ದಿನ ಲಾರಿಗಳು ಶಾಲೆಯ ಮೈದಾನದಲ್ಲಿ ನಿಂತಿದ್ದವು. ಸೊಸೆ ಗಂಡನ ಜೊತೆ ಅಲ್ಲಿಯವರೆಗೆ ಹೋದಳು. ಬೇಯಿಸಿದ ಆಲೂಗಡ್ಡೆ, ಉಪ್ಪು, ಒಗೆದ ಎರಡು ಅಂಗಿಗಳನ್ನು ಗಂಟು ಕಟ್ಟಿ ಕೊಟ್ಟಳು. ಅಂಗಿಗಳಲ್ಲಿ ಹಿಟ್ಟಿನ ವಾಸನೆ ಇನ್ನೂ ಇತ್ತು. ಸುತ್ತ ಹೆಂಗಸರು ಅಳುತ್ತಿದ್ದರು. ಇವಳನ್ನು ಗುರುತು ಹಿಡಿದ ಒಬ್ಬಿಬ್ಬರು ದೂರ ಸರಿದು ನಿಂತರು.

ಗಂಡ ಗಂಟನ್ನು ಎದೆಗೆ ಅವುಚಿಕೊಂಡಿದ್ದ. ಅವನಿಗೆ ಹೆದರಿಕೆಯಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಅದನ್ನು ನೋಡಿ ಅವಳಿಗೆ ಮರುಕವಾಯಿತು. ಅವನ ಮೇಲಿನ ತಿರಸ್ಕಾರ ಅದರಿಂದ ಒಂದು ಚೂರೂ ಕಡಿಮೆಯಾಗಲಿಲ್ಲ. ಎರಡೂ ಒಟ್ಟಿಗೇ ಇದ್ದವು.

“ಸಾಸಿವೆ ದೊಡ್ಡವಳಾದ ಮೇಲೆ ಕೇಳ್ತಾಳೆ,” ಎಂದ ಅವನು. “ನಾನು ಬರದೇ ಹೋದ್ರೆ, ಅವಳಿಗೆ ಹೇಳು.”

“ಏನಂತ ಹೇಳಲಿ?”

“ಅವಳಿಗೋಸ್ಕರ ಅಪ್ಪ ಹೋದ ಅಂತ. ಅವಳು ಉಳೀಲಿ ಅಂತ.”

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಹೊರಡುವವನಿಗೆ ಹೂಂ ಎನ್ನುವುದು ಕಷ್ಟದ ಕೆಲಸವೂ ಅಲ್ಲ. ಆ ಮೈದಾನದಲ್ಲಿ ನಿಂತ ಹೆಂಗಸರೆಲ್ಲ ಅದನ್ನೇ ಮಾಡುತ್ತಿದ್ದರು. ಅವಳಿಗೆ ಮನೆಯ ಊಟದ ಮೇಜು ಕಂಡಿತು. ಅದರ ಸುತ್ತ ಈ ಮಾತು ವರ್ಷಗಟ್ಟಲೆ ಬಡಿಸಿಕೊಳ್ಳುತ್ತ ಬೆಳೆಯುವುದು, ಮಗಳು ಅದನ್ನು ಉಂಡು ದೊಡ್ಡವಳಾಗುವುದು, ಆಮೇಲೆ ತನ್ನ ಮಕ್ಕಳಿಗೆ ಬಡಿಸುವುದು ಕಂಡಿತು.

“ಹೇಳಲ್ಲ,” ಎಂದಳು. “ಅವಳಿಗೋಸ್ಕರ ನೀವು ಮೂರು ಮೆಟ್ಟಿಲು ಇಳೀಲಿಲ್ಲ. ಈಗ ಕರೆದಿದಾರೆ ಅಂತ ಹೋಗ್ತಿದೀರಿ.”

ಅವನು ಗಂಟನ್ನು ಹೆಗಲಿಗೆ ಬದಲಿಸಿದ. ಲಾರಿಯ ಹಿಂದಿನ ಹಲಗೆ ಕೆಳಗಿಳಿಸಿದರು, ಯಾರೋ ಸಾಲಾಗಿ ನಿಲ್ಲಿ ಎಂದು ಕೂಗಿದರು. ಅವಳು ಅವನ ಅಂಗಿಯ ಮೇಲಿನ ಗುಂಡಿ ಹಾಕಿದಳು.

“ಬದುಕಿ ಬನ್ನಿ,” ಎಂದಳು. “ಬಂದು ನೀವೇ ಹೇಳಿ ಅವಳಿಗೆ, ಬಾಗಿಲು ಯಾಕೆ ತೆಗೀಲಿಲ್ಲ ಅಂತ. ಅದನ್ನ ಹೇಳೋಕಾದ್ರೂ ಬದುಕಿ ಬನ್ನಿ.”

ಅವನು ಗೋಣು ಹಾಕಿ ಲಾರಿ ಹತ್ತಿದ. ಅವಳು ಲಾರಿ ಹೊರಡುವವರೆಗೆ ನಿಂತಿದ್ದು, ಮಗಳಿಗೆ ಔಷಧಿ ಕುಡಿಸುವ ಹೊತ್ತಾಯಿತೆಂದು ಮನೆಗೆ ನಡೆದಳು.